ಕಾಂಪೌಂಡಿನ ಮೇಲಿಂದ ಕೂಗಿದ ಉತ್ತರ

ಗುಟ್ಟು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನನಗೆ ಅರ್ಥವಾದದ್ದು ಈ ವರ್ಷ, ಅದೂ ಮಾನ ಹೋದ ಮೇಲೆ. ನನ್ನ ಹೊಟ್ಟೆಪಾಡೇ ಕೂಗುವುದು. ಮಧುಗಿರಿಯಲ್ಲಿ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಮೂರು ಸಲ ಕರೆಯುವ ಅಟೆಂಡರು ನಾನು. ಕಕ್ಷಿದಾರ ಹುಣಸೆಮರದ ಕೆಳಗೆ ಬೀಡಿ ಸೇದುತ್ತಿರಲಿ, ಎದುರಿನ ಹೋಟೆಲಿನಲ್ಲಿ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿರಲಿ, ಅವನ ಕಿವಿಗೆ ಅವನ ಹೆಸರು ಬೀಳಲೇಬೇಕು. ನಮ್ಮಪ್ಪ ಕ್ಯಾತಗಾನಚೆರ್ಲಿನಲ್ಲಿ ಕುರಿ ಕಾಯುತ್ತಿದ್ದವರು, ಈ ಗುಡ್ಡದಲ್ಲಿ ನಿಂತು ಆ ಗುಡ್ಡದ ಕುರಿಯನ್ನು ಕರೆಯುತ್ತಿದ್ದರು. ಹೊಲವನ್ನು ಸೋಲಾರ್‌ಗೆ ಗುತ್ತಿಗೆ ಕೊಟ್ಟಾಯಿತು, ಕುರಿಗಳು ಅಣ್ಣನ ಪಾಲಿಗೆ ಹೋದವು, ನನ್ನ ಪಾಲಿಗೆ ಬಂದ ಪಿತ್ರಾರ್ಜಿತ ಈ ಗಂಟಲೊಂದೇ. ಅದನ್ನು ತಗ್ಗಿಸುವ ವಿದ್ಯೆ ನಮ್ಮ ವಂಶದಲ್ಲಿ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ನಾನು ಮೆಲ್ಲಗೆ 'ಸಾರಿಗೆ ಉಪ್ಪು ಒಂಚೂರು ಜಾಸ್ತಿ' ಎಂದರೆ ಪಕ್ಕದ ಮನೆಯ ಹೆಂಗಸರು ಬಂದು ನನ್ನ ಹೆಂಡತಿಯನ್ನು ಸಮಾಧಾನ ಮಾಡಿ ಹೋಗುತ್ತಾರೆ.

ನಮ್ಮ ಮಗಳು ಭೂಮಿಕಾ ಐದನೇ ತರಗತಿಗೆ ಬಂದಳು. ಐದು ಮುಗಿಸುವ ಮಕ್ಕಳಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಎಂಬುದೊಂದಿದೆ. ಅದರಲ್ಲಿ ಗೆದ್ದರೆ ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲ ಅಲ್ಲೇ, ಹತ್ತನೇ ತರಗತಿಯವರೆಗೆ ಯೋಚನೆಯಿಲ್ಲ. ಸೀಟು ನಮ್ಮವಳಿಗೆ ಬೇಕಿತ್ತು, ಅವಳ ಗೆಳತಿ ನಗ್ಮಾಗೆ ಇನ್ನೂ ಹೆಚ್ಚು ಬೇಕಿತ್ತು. ನಗ್ಮಾಳ ಅಪ್ಪ ಬಾಷಾ ಸಾಬರು ಶಿರಾದವರು, ನಮ್ಮ ಬೀದಿಯ ತುದಿಯಲ್ಲಿ ತಗಡಿನ ಟ್ರಂಕು ಮಾಡುವ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದಿನಲ್ಲಿ ಓದುವ ಆ ಮಗುವಿನ ಕಷ್ಟ ನೋಡಿ, ನಮ್ಮ ಮನೆಗೆ ಕಳಿಸಿ, ಇಬ್ಬರಿಗೂ ನಾನೇ ಹೇಳಿಕೊಡುತ್ತೇನೆ ಎಂದುಬಿಟ್ಟೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಐದನೇ ತರಗತಿ ಯಾವ ಲೆಕ್ಕ! ಬಾಷಾ ಸಾಬರು ನನ್ನ ಎರಡೂ ಕೈ ಹಿಡಿದುಕೊಂಡರು. ಮೊದಲ ದಿನ ಪಾಠ ಮುಗಿದ ಮೇಲೆ, ಕಿವಿ ನೋವಾಯಿತೇನಮ್ಮ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ನಗ್ಮಾ, ಇಲ್ಲ ಆಂಟಿ, ನಮ್ಮನೆ ಸುತ್ತಿಗೆಗಿಂತ ಎಷ್ಟೋ ವಾಸಿ ಎಂದಳಂತೆ.

ಪಾಠವನ್ನೂ ನಾನು ಕೋರ್ಟಿನ ಕ್ರಮದಲ್ಲೇ ನಡೆಸಿದೆ. ಗೈಡು ಹಿಡಿದು ಪ್ರಶ್ನೆಯನ್ನು ಮೂರು ಸಲ ಕೂಗುವುದು, ಉತ್ತರ ಬರದಿದ್ದರೆ ಗೈರುಹಾಜರಿ ಹಾಕಿ ಮುಂದಿನದಕ್ಕೆ ಹೋಗುವುದು. ನಿಮ್ಮ ಊರಿನ ಮುಖ್ಯ ಬೆಳೆ ಯಾವುದು ಎಂಬ ಪ್ರಶ್ನೆಗೆ ಭೂಮಿಕಾ 'ಕರೆಂಟು' ಎಂದಳು. ಶೇಂಗಾ ಎಂದು ಹೇಳಬೇಕು ಎಂದು ಗದರಿಸಿದೆ. ಪಾಪ, ತಾತನ ಊರಿಗೆ ಹೋದಾಗಲೆಲ್ಲ ಅವಳು ನೋಡಿರುವುದು ಹೊಲದ ತುಂಬ ಸಾಲಾಗಿ ನಿಂತ ಸೋಲಾರ್ ಹಲಗೆಗಳನ್ನೇ. ಶೇಂಗಾ ಎಂದರೆ ಅವಳಿಗೆ ಅಂಗಡಿಯ ಕಡಲೆಮಿಠಾಯಿ. ಆದರೂ ಬೈದೆ, ಯಾಕೆಂದರೆ ಗೈಡಿನಲ್ಲಿ ಶೇಂಗಾ ಎಂದಿತ್ತು.

ಆಮೇಲೆ ಬಂತು ಆ ಲೆಕ್ಕ. ಆರು ಜನ ಒಂದು ಬಾವಿಯನ್ನು ಹತ್ತು ದಿನಗಳಲ್ಲಿ ತೋಡಿದರೆ ಹನ್ನೆರಡು ಜನ ಎಷ್ಟು ದಿನಗಳಲ್ಲಿ ತೋಡುತ್ತಾರೆ? ಉತ್ತರಗಳ ಪುಟ ಗೈಡಿನಿಂದ ಕಿತ್ತುಹೋಗಿತ್ತು. ಭೂಮಿಕಾ ಐದು ದಿನ ಎಂದಳು. ನಾನು ಇಪ್ಪತ್ತು ಎಂದೆ. ನನ್ನದು ಬಾಯಿಗೆ ಬಂದ ಉತ್ತರವಲ್ಲ, ಸರ್ವೀಸಿನಲ್ಲಿ ಕಣ್ಣಾರೆ ಕಂಡ ಸತ್ಯ. ಒಂದು ಕೇಸಿನಲ್ಲಿ ಇಬ್ಬರೇ ಇದ್ದರೆ ಹೇಗೋ ಬೇಗ ಮುಗಿಯುತ್ತದೆ. ಅಣ್ಣತಮ್ಮಂದಿರು, ಅತ್ತಿಗೆ ನಾದಿನಿಯರು, ದಾಯಾದಿಗಳು ಅಂತ ಜನ ಸೇರಿದ ಹಾಗೆಲ್ಲ ವಾಯಿದೆಯ ಮೇಲೆ ವಾಯಿದೆ ಬಿದ್ದು, ಕೇಸು ಹಾಕಿದವನ ಮೊಮ್ಮಗ ಬಂದು ನನ್ನ ಕೂಗಿಗೆ ಓಗೊಡುತ್ತಾನೆ. ಜನ ಹೆಚ್ಚಾದರೆ ದಿನ ಹೆಚ್ಚು, ಇದಕ್ಕಿಂತ ದೊಡ್ಡ ಗಣಿತ ಯಾವುದಿದೆ? ಇದನ್ನೆಲ್ಲ ಮಕ್ಕಳಿಗೆ ವಿವರವಾಗಿ ತಿಳಿಸಿದೆ.

"ಅಪ್ಪಾ, ಅವ್ರು ಬಾವಿ ತೋಡಾಕೆ ಬಂದೌರೆ ಕಣಪ್ಪ, ಕೋರ್ಟಿಗಲ್ಲ" ಎಂದಳು ನನ್ನ ಮಗಳು.

ನಾನು ಸಿಟ್ಟಿನಿಂದ ಗೈಡು ಮುಚ್ಚಿದೆ. ನಗ್ಮಾ ಮಾತ್ರ, ದೊಡ್ಡವರು ಹೇಳಿದ ಮೇಲೆ ಸರಿಯೇ ಇರಬೇಕು ಎಂಬಂತೆ ತಲೆಯಾಡಿಸಿದಳು. ನೋಡಿ ಕಲಿತುಕೋ ವಿನಯ ಅಂದರೆ ಏನು ಅಂತ, ಎಂದು ಮಗಳಿಗೆ ಬುದ್ಧಿ ಹೇಳಿದೆ. ಈ ಮಾತು ಈಗ ನೆನಪಾದರೆ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸುತ್ತದೆ.

ಪರೀಕ್ಷೆಯ ದಿನ ಬಾಷಾ ಸಾಬರು ಅಂಗಡಿ ಬಿಟ್ಟು ಬರಲಾಗದೆ ನಗ್ಮಾಳನ್ನೂ ನನ್ನ ಕೈಗೆ ಒಪ್ಪಿಸಿದರು. ಇಬ್ಬರಿಗೂ ಒಂದೇ ಕೋಣೆ ಬಿದ್ದಿತ್ತು, ಕಾಂಪೌಂಡಿನ ಪಕ್ಕದ್ದೇ. ಹೊರಗೆ ಬೆಟ್ಟದ ಬಂಡೆ ಕಾದು ಬೀದಿಗೆಲ್ಲ ಝಳ ಹೊಡೆಯುತ್ತಿತ್ತು. ಕೊರಟಗೆರೆ, ಪಾವಗಡ ಎಲ್ಲ ಕಡೆಯಿಂದ ಬಂದ ಅಪ್ಪಂದಿರು ಕಾಂಪೌಂಡಿನ ಸುತ್ತ ಸುಳಿದಾಡುತ್ತಿದ್ದರು. ಒಬ್ಬ ಗೋಡೆ ಹತ್ತಲು ನೋಡಿದ. ನಾಚಿಕೆಯಾಗಲ್ವಾ, ಮಕ್ಕಳಿಗೆ ಇದನ್ನಾ ಕಲಿಸೋದು ಎಂದು ಅವನಿಗೆ ನಾನೇ ಛೀಮಾರಿ ಹಾಕಿದೆ. ಅಷ್ಟರಲ್ಲಿ ಒಳಗಿನಿಂದ ಮೇಲ್ವಿಚಾರಕರ ದನಿ ಕೇಳಿತು. ಒಂದು ಪ್ರಶ್ನೆ ತಪ್ಪಾಗಿ ಅಚ್ಚಾಗಿದೆ, ಹೀಗೆ ತಿದ್ದಿಕೊಳ್ಳಿ ಎಂದು ಓದುತ್ತಿದ್ದರು. ಆರು ಜನ, ಒಂದು ಬಾವಿ, ಹತ್ತು ದಿನ!

ನನ್ನ ಮೊಂಡು ಮಗಳು ಐದಕ್ಕೇ ಗುರುತು ಹಾಕುತ್ತಾಳೆ, ಸೀಟು ಕೈ ತಪ್ಪುತ್ತದೆ. ಪಕ್ಕದಲ್ಲಿ ಯಾರದೋ ಮೊಪೆಡ್ ನಿಂತಿತ್ತು. ಅದರ ಸೀಟಿನ ಮೇಲೆ ಹತ್ತಿ ಕಾಂಪೌಂಡಿನ ಆಚೆ ತಲೆ ಹಾಕಿದೆ. ಕಿಟಕಿಯಲ್ಲಿ ಭೂಮಿಕಾ ಕಂಡಳು, ಅವಳ ಹಿಂದೆ ನಗ್ಮಾ. ದೇವರಾಣೆಗೂ ನನಗಿದ್ದದ್ದು ಮಗಳ ಕಿವಿಗಷ್ಟೇ ಬೀಳುವಂತೆ ಪಿಸುಗುಟ್ಟುವ ಉದ್ದೇಶ. ಆದರೆ ಬಾಯಿ ತೆರೆದದ್ದೇ ತಡ, ಗಂಟಲು ತನ್ನ ರೂಢಿಯ ಕೆಲಸಕ್ಕೆ ಹಾಜರಾಗಿಬಿಟ್ಟಿತು. "ಇಪ್ಪತ್ತೂ... ಇಪ್ಪತ್ತೂ... ಇಪ್ಪತ್ತೂ..." ಎಂದು, ಕರೆಯುವ ಪದ್ಧತಿಯಂತೆ ಮೂರು ಸಲ. ಮರದ ಕಾಗೆಗಳು ಎದ್ದವು. ಕೋಣೆಯಲ್ಲಿ ಪೆನ್ನುಗಳ ಸದ್ದು ಎದ್ದಿತು.

ಮೇಲ್ವಿಚಾರಕರು ಕಿಟಕಿಗೆ ಬಂದರು. ಪಾವಗಡದ ಕಡೆಯವರು, ತೆಲುಗು ಬೆರೆತ ಮಾತು. ನನ್ನ ಕಣ್ಣು ನೆಟ್ಟಿದ್ದ ಕಡೆ ನೋಡಿ ಭೂಮಿಕಾಳನ್ನು ಕೇಳಿದರು: "ಎವರಮ್ಮಾ ಆಯನ? ನಿಮ್ಮ ಕಡೆಯೋರಾ?"

ಭೂಮಿಕಾ ನನ್ನನ್ನು ತಲೆಯಿಂದ ಎದೆಯವರೆಗೆ, ಅಂದರೆ ಗೋಡೆಯ ಮೇಲೆ ಎಷ್ಟು ಕಾಣುತ್ತಿದ್ದೆನೋ ಅಷ್ಟನ್ನೂ, ನಿಧಾನವಾಗಿ ನೋಡಿದಳು. "ಗೊತ್ತಿಲ್ಲ ಸಾರ್" ಎಂದಳು.

ಇಳಿಯುವ ಗಾಬರಿಯಲ್ಲಿ ಮೊಪೆಡ್ ಉರುಳಿತು, ನಾನೂ ಅದರ ಜೊತೆ ಉರುಳಿದೆ. ನನ್ನಿಂದ ಛೀಮಾರಿ ಹಾಕಿಸಿಕೊಂಡ ಆ ಮನುಷ್ಯನೇ ಬಂದು ಎಬ್ಬಿಸಿ, ಪೆಟ್ಟಾಯಿತೇ ಎಂದು ಕೇಳಿದ. ಅವನು ಅಣಕಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಪರೀಕ್ಷೆ ಮುಗಿಸಿ ಬರುವಾಗ ಭೂಮಿಕಾ ಗುರುತಿಲ್ಲದವರ ಹಾಗೆ ಮುಂದೆ ಮುಂದೆ ನಡೆದಳು. ನಗ್ಮಾ ನಗುತ್ತಾ ನನ್ನ ಪಕ್ಕದಲ್ಲೇ ಬಂದಳು. ಮನೆಯಲ್ಲಿ ವಿಷಯ ತಿಳಿದ ಹೆಂಡತಿ, ಹನ್ನೆರಡು ಜನ ಕೂತು ಹೋಳಿಗೆ ತಟ್ಟಿದರೆ ಬೇಗ ಆಗುತ್ತೋ ತಡ ಆಗುತ್ತೋ, ಅಷ್ಟೂ ತಿಳಿಯಲಿಲ್ಲವೇ ನಿಮಗೆ ಎಂದಳು. ಹೋಳಿಗೆ ಎಂದೊಡನೆ ನನಗೆ ಲೆಕ್ಕ ಅರ್ಥವಾಗಿಹೋಯಿತು. ಆಗ ಅರ್ಥವಾಗಿ ಏನು ಬಂತು!

ಆಯ್ಕೆ ಪಟ್ಟಿ ಬಂದಾಗ ಭೂಮಿಕಾಳ ಹೆಸರಿತ್ತು. ನಗ್ಮಾಳ ಹೆಸರು ಒಂದೇ ಒಂದು ಅಂಕದಲ್ಲಿ ಹೋಗಿತ್ತು. ನನ್ನ ಮಗಳಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ, ಗೆದ್ದಳು. ನಗ್ಮಾಗೆ ಇತ್ತು. ಆ ದಿನ ಕೋರ್ಟಿನಲ್ಲಿ ಯಾರ ಹೆಸರು ಕೂಗಿದರೂ ನನ್ನನ್ನೇ ಕರೆದ ಹಾಗಾಗುತ್ತಿತ್ತು. ಸಂಜೆ ಹೆಂಡತಿ ಪಾಯಸ ಮಾಡಿದರೆ ಭೂಮಿಕಾ ಲೋಟ ಮುಟ್ಟಲಿಲ್ಲ.

"ಬಾಷಾ ಅಂಕಲ್‌ಗೆ ನೀನೇ ಹೋಗಿ ಹೇಳು. ನಂಗೆ ಅವಳ ಮಖ ನೋಡಾಕೆ ಆಗ್ತಿಲ್ಲ" ಎಂದಳು.

ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಷಾ ಸಾಬರು ಸುತ್ತಿಗೆ ಕೆಳಗಿಟ್ಟು, ಸ್ಟೂಲು ಒರೆಸಿ ಕೂರಿಸಿ, ಚಹಾ ತರಿಸಿದರು. ಅವರ ಹಿಂದೆ ಹೊಸ ಟ್ರಂಕೊಂದು ಇತ್ತು, ನೀಲಿ ಬಣ್ಣದ್ದು, ಮುಚ್ಚಳದ ಮೇಲೆ ಎರಡು ಗುಲಾಬಿ ಹೂವು. ಯಾರಿಗೆಂದು ಮಾಡಿದ್ದು ಎಂದು ಕೇಳುವ ಅಗತ್ಯ ಇರಲಿಲ್ಲ. ಕಣ್ಣು ನೆಲದಲ್ಲಿಟ್ಟುಕೊಂಡು, ಆವತ್ತು ಗೋಡೆಯ ಮೇಲಿಂದ ತಪ್ಪು ಉತ್ತರ ಕೂಗಿದವನು ನಾನೇ, ನಿಮ್ಮ ಮಗುವಿನ ಸೀಟು ಕಳೆದವನು ನಾನೇ ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು.

"ಗೊತ್ತು ಸಾರ್. ಮಗು ಆವತ್ತೇ ಬಂದು ಹೇಳಿದ್ಲು. 'ಅಬ್ಬಾಜಾನ್, ಅಂಕಲ್ ಭೂಮಿಕಾಗೆ ಮಾತ್ರ ಸನ್ನೆ ಮಾಡಿ ಹೇಳ್ಬಹುದಿತ್ತು, ನಂಗೂ ಕೇಳ್ಲಿ ಅಂತ ಅಷ್ಟು ಜೋರಾಗಿ ಕೂಗಿದ್ರು' ಅಂದ್ಲು. ಉತ್ತರ ತಪ್ಪಾದ್ರೆ ಏನ್ ಸಾರ್? ನಿಯತ್ತು ನೋಡ್ಬೇಕು. ಈ ಕಾಲದಲ್ಲಿ ಬೇರೆಯವರ ಮಗೂಗೂ ಸಿಗ್ಲಿ ಅಂತ ಯಾರು ಗೋಡೆ ಹತ್ತುತಾರೆ?"

ನಾನು ಬಾಯಿ ತೆರೆದೆ. ಇಲ್ಲ ಸಾಬ್ರೇ, ನನ್ನ ಮಗಳಿಗಷ್ಟೇ ಎಂದು ಹೇಳಬೇಕಿತ್ತು. ಅವರ ಕಣ್ಣು ಒದ್ದೆಯಾಗಿತ್ತು. ಬಾಗಿಲ ಪರದೆಯ ಹಿಂದೆ ನಗ್ಮಾ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಅವಳೂ ನನ್ನ ಮಗಳಿದ್ದ ಹಾಗಲ್ವಾ ಸಾಬ್ರೇ" ಎಂದುಬಿಟ್ಟೆ.

ಹೊರಟಾಗ ಆ ನೀಲಿ ಟ್ರಂಕನ್ನು ಎತ್ತಿ ತಂದು, ಭೂಮಿಕಾಗೆ ನಮ್ಮ ನಗ್ಮಾ ಕಡೆಯಿಂದ ಎಂದು ನನ್ನ ಮುಂದಿಟ್ಟರು. ಬೇಡ ಎನ್ನಬೇಕಾದರೆ ನಿಜ ಹೇಳಬೇಕಿತ್ತು. ಹೊತ್ತುಕೊಂಡು ಬಂದೆ.