ಪೈಕ್‌ಲೆಟ್ ಮರಿಯ ಮೈಮೇಲಿನ ಚುಕ್ಕೆಗಳು ಹಾಗೂ ಅವನು ಮಲಗತಕ್ಕ ಸ್ಥಳದ ಕುರಿತು

ಗೃಹಾಡಳಿತ ಇಲಾಖೆ
(ಪಾತ್ರೆ, ಬಟ್ಟೆ, ಹೋಂವರ್ಕ್ ಮತ್ತು ಪ್ರಾಣಿ ವಿಭಾಗ)
ಅಡುಗೆಮನೆ ಮೇಜು, ಬಾಳೆಗುಡ್ಡದ ರಸ್ತೆಯ ಕೊನೆ ಮನೆ, ನ್ಯೂ ಸೌತ್ ವೇಲ್ಸ್ ಉತ್ತರ ಕರಾವಳಿ

ಸಂಖ್ಯೆ: ಗೃಆ/ನಾಮ/ಚುಕ್ಕೆ/3
ದಿನಾಂಕ: ಅಕ್ಟೋಬರ್, ಮಂಗಳವಾರ, ಪಾತ್ರೆ ತೊಳೆದ ನಂತರ

ಸುತ್ತೋಲೆ

ವಿಷಯ: ನಾಯಿಮರಿ ಪೈಕ್‌ಲೆಟ್‌ನ ಮೈಮೇಲೆ ಕಾಣುವ ಕಡಿತ, ದದ್ದು, ಮಚ್ಚೆ, ಕಲೆ ಇತ್ಯಾದಿಗಳನ್ನು ಗುರುತಿಸುವ ಬಗ್ಗೆ.

ಉಲ್ಲೇಖ: 1. ಇದೇ ಇಲಾಖೆಯ ಸುತ್ತೋಲೆ ಸಂಖ್ಯೆ 2 (ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು).
2. ಮಗಳು ಟ್ಯಾಮ್ಸಿನ್ ತಿಂಡಿಯ ಹೊತ್ತಿನಲ್ಲಿ ಸಲ್ಲಿಸಿದ ಮೌಖಿಕ ಮನವಿ ಮತ್ತು ತದನಂತರದ ಅಳು.

ಪ್ರಸ್ತಾವನೆ:

ಕಳೆದ ವಸಂತದಲ್ಲಿ ಈ ಮನೆಯ ನಾಯಿ ಡಸ್ಟರ್, ಕಿವಿಯ ಹಿಂದೆ ಕೂತು ರಕ್ತ ಹೀರುತ್ತ ವಿಷವೇರಿಸಿದ ಒಂದೇ ಒಂದು ಉಣ್ಣೆ ಹುಳದಿಂದ ಹಿಂಗಾಲು ಸೋತು, ಬೊಗಳುವ ದನಿ ಬಿದ್ದು ತೀರಿಕೊಂಡದ್ದು ಸಿಬ್ಬಂದಿಗೆಲ್ಲ ತಿಳಿದೇ ಇದೆ. ಆದಕಾರಣ ಹೊಸದಾಗಿ ಸೇರ್ಪಡೆಯಾದ ಹೀಲರ್ ಜಾತಿಯ ಗಂಡುಮರಿ ಪೈಕ್‌ಲೆಟ್, ನೆಲದ ಮೇಲೆ ಬಿದ್ದ ಹುಳ ಕಾಣುವಂತಿರುವ ಬಟ್ಟೆ ಒಗೆಯುವ ಕೋಣೆಯಲ್ಲೇ ಮಲಗತಕ್ಕದ್ದೆಂದು ಉಲ್ಲೇಖ 1ರಲ್ಲಿ ಆದೇಶಿಸಲಾಗಿತ್ತು. ಒಂದು ವಾರ ಸತತವಾಗಿ ಮೈಮೇಲೆ ಯಾವ ಹೊಸ ಗುರುತೂ ಕಾಣದಿದ್ದಲ್ಲಿ ಅವನಿಗೆ ಟ್ಯಾಮ್ಸಿನ್ ಮಂಚದ ಕಾಲಬುಡಕ್ಕೆ ಬಡ್ತಿ ನೀಡಲಾಗುವುದೆಂದೂ, ಹೊಸ ಗುರುತು ಕಂಡಲ್ಲಿ ಪೆನ್ನಿನಿಂದ ಅದರ ಸುತ್ತ ವೃತ್ತ ಎಳೆದು ವಾರವನ್ನು ಮೊದಲಿಂದ ಎಣಿಸತಕ್ಕದ್ದೆಂದೂ ತಿಳಿಸಲಾಗಿತ್ತು.

ಸದರಿ ವಾರ ಇಂದಿನವರೆಗೆ ಮುಗಿದಿರುವುದಿಲ್ಲ. ಬೆಳಗಾದರೆ ಒಂದು ಹೊಸ ಚುಕ್ಕೆ. ಮರಿಯ ಮೈಮೇಲೆ ವೃತ್ತ ಎಳೆಯಲು ಜಾಗ ಸಾಲದೆ ವೃತ್ತದೊಳಗೆ ವೃತ್ತ ಎಳೆಯಲಾಗಿದ್ದು, ಶನಿವಾರ ಅವನನ್ನು ಟವೆಲಿನಲ್ಲಿ ಸುತ್ತಿ ಪಶುವೈದ್ಯರಲ್ಲಿಗೆ ಒಯ್ಯಲಾಯಿತು. ಟವೆಲ್ ಬಿಚ್ಚಿದ ಕೂಡಲೇ ಅಲ್ಲಿನ ನರ್ಸ್ ನಗು ತಡೆಯಲಾರದೆ ಕೊಟ್ಟ ಹೇಳಿಕೆ ಹೀಗಿದೆ: "ಅಯ್ಯೋ, ಹೀಲರ್ ಮರಿ ಕಣ್ರೀ ಇದು! ಹುಟ್ಟುವಾಗ ಬೆಳ್ಳಗಿರುತ್ತೆ, ಆಮೇಲೆ ಒಂದೊಂದೇ ಚುಕ್ಕೆ ಬಿಡುತ್ತೆ. ಇದನ್ನ ಯಾವುದೂ ಕಚ್ಚಿಲ್ಲ. ಇದು ಬೆಳೀತಾ ಇದೆ, ಅಷ್ಟೇ."

ಮನೆಗೆ ಬರುವ ದಾರಿಯಲ್ಲಿ ಟ್ಯಾಮ್ಸಿನ್ ಮಂಡಿಸಿದ ವಾದವನ್ನು ಇಲಾಖೆಯು ದಾಖಲಿಸಿಕೊಂಡಿದೆ: "ಬೆಳೆದಿದ್ದಕ್ಕೆ ಶಿಕ್ಷೆನಾಮ್ಮಾ? ನಾಳೆ ನನ್ನ ಮುಖದ ಮೇಲೆ ಮೊಡವೆ ಬಂದ್ರೆ ನನ್ನೂ ಬಟ್ಟೆ ಒಗೆಯೋ ರೂಮಲ್ಲಿ ಮಲಗಿಸ್ತೀಯಾ?"

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ.

1. ಮರಿಯ ಮೈಮೇಲಿನ ನೀಲಿ, ಬೂದು ಮತ್ತು ಕಪ್ಪು ಚುಕ್ಕೆಗಳು ಅವನ ಸ್ವಯಾರ್ಜಿತ ಆಸ್ತಿ ಎಂದು ಈ ಮೂಲಕ ಘೋಷಿಸಲಾಗಿದೆ. ಅವನ್ನು ಒದ್ದೆ ಬಟ್ಟೆಯಿಂದ ಉಜ್ಜುವುದು, ಹರಾಜು ಹಾಕುವುದು, ಅವುಗಳಿಗೆ ಹೆಸರಿಡುವುದು ನಿಷಿದ್ಧ. ಎಡ ತೊಡೆಯ ಮೇಲಿನ, ಆ ದ್ವೀಪದ ಆಕಾರದ 'ಟ್ಯಾಸ್ಮೇನಿಯಾ' ಈಗಾಗಲೇ ರೂಢಿಗೆ ಬಂದಿರುವುದರಿಂದ ಅದಕ್ಕೆ ಮಾತ್ರ ವಿನಾಯಿತಿ ಇರುತ್ತದೆ.

2. ಕೂದಲು ಕಡಿಮೆ ಇರುವ ಹೊಟ್ಟೆಯಡಿ ಸಣ್ಣ ಕೆಂಪು ಬೊಕ್ಕೆಗಳು ಗುಂಪಾಗಿ ಎದ್ದಿದ್ದರೆ ಅದು ನದಿ ದಂಡೆಯ ನುಸಿ. ಬಾಲದ ಬುಡವನ್ನು ಕಚ್ಚಿಕೊಳ್ಳುತ್ತಿದ್ದು, ಅಲ್ಲಿನ ಕಪ್ಪು ಪುಡಿ ಒದ್ದೆ ಕಾಗದದ ಮೇಲೆ ಕೆಂಪಾದರೆ ಚಿಗಟ. ಆಗದಿದ್ದರೆ ಸುಟ್ಟ ಟೋಸ್ಟಿನ ಪುಡಿ. ಪಾದ ಎತ್ತಿ ಕುಂಟಿದರೆ ಇರುವೆ. ಸಾಸೇಜ್ ಕಂಡೊಡನೆ ಕುಂಟುವುದು ನಿಂತರೆ ಅದನ್ನು ಕಡಿತವೆಂದು ಪರಿಗಣಿಸದೆ ಅಭಿನಯವೆಂದು ಪರಿಗಣಿಸತಕ್ಕದ್ದು, ಸಾಸೇಜ್ ನೀಡತಕ್ಕದ್ದಲ್ಲ. ಅಜ್ಜಿ ವಿಲ್ಮಾ ಅವರು ಇದನ್ನು ವಿಶೇಷವಾಗಿ ಗಮನಿಸುವುದು.

3. ಎದೆಯಿಂದ ಹೊಟ್ಟೆಯ ಕೆಳಗಿನವರೆಗೆ ಎರಡು ಸಾಲಾಗಿ ಇರುವ ಸಣ್ಣ ಗಂಟುಗಳು ಉಣ್ಣೆಗಳಲ್ಲ, ಮೊಲೆತೊಟ್ಟುಗಳು. ಶ್ರೀ ಲೈಲ್ (ತಂದೆ, ಇಲಾಖೆಯ ಪತಿ) ಇವರು ಚಿಮಟ ಹಿಡಿದು ಅವುಗಳಲ್ಲಿ ಒಂದನ್ನು ಕೀಳಲು ಮುಂದಾದದ್ದು, ಮರಿ ಕಿರುಚಿದ್ದು, "ಗಂಡು ಮರಿಗೆ ಮೊಲೆ ಎಲ್ಲಿಂದ ಬಂತು?" ಎಂದು ಅವರು ಸಮರ್ಥಿಸಿಕೊಂಡದ್ದು, "ಅಂಗಿ ಬಿಚ್ಚಿ ಕನ್ನಡಿ ನೋಡ್ಕೋ ಮಗನೇ" ಎಂದು ಅವರ ತಾಯಿ ವಿಲ್ಮಾ ಉತ್ತರಿಸಿದ್ದು ದಾಖಲೆಯಲ್ಲಿದೆ. ಚಿಮಟವನ್ನು ಶ್ರೀಯುತರ ವಶದಿಂದ ಹಿಂಪಡೆಯಲಾಗಿದೆ.

4. ನೇರಳೆ ಕೆಂಪು ಬಣ್ಣದ, ಸಿಹಿ ವಾಸನೆಯ, ನೆಕ್ಕಿದರೆ ಹೋಗುವ ಗುರುತು ಬರ್ಗರ್‌ನಿಂದ ಜಾರಿದ ಬೀಟ್‌ರೂಟ್. ವಾಸನೆಯಿಲ್ಲದ, ನೆಕ್ಕಿದರೂ ಹೋಗದ, ದುಂಡಗಿನ ಕಡುನೀಲಿ ಗುರುತುಗಳು ಮಗ ಫ್ಲಿನ್‌ನ (ವಯಸ್ಸು ಆರು) ಕೈಚಳಕ. ವಿಚಾರಣೆಯಲ್ಲಿ ಆತ, "ಬೇಗ ಬೇಗ ಎಲ್ಲಾ ಚುಕ್ಕೆ ಬಂದ್ಬಿಟ್ರೆ ಆಮೇಲೆ ಬರೋಕೆ ಏನೂ ಇರಲ್ವಲ್ಲ, ಅಕ್ಕನ ರೂಮಿಗೆ ಬರ್ಬೋದಲ್ಲ" ಎಂದು ಹೇಳಿದ್ದು, ಈ ತರ್ಕದಲ್ಲಿ ಇಲಾಖೆಗೆ ದೋಷ ಕಂಡುಬಂದಿಲ್ಲ. ಆದರೂ ಸಾಕ್ಷ್ಯ ಸೃಷ್ಟಿಸಿದ್ದಕ್ಕಾಗಿ ಎಚ್ಚರಿಕೆ ನೀಡಲಾಗಿದೆ.

5. ಉಣ್ಣೆ: ಈ ಕಲಮಿನಲ್ಲಿ ಯಾವುದೇ ತಮಾಷೆಗೆ ಅವಕಾಶವಿರುವುದಿಲ್ಲ. ಉಣ್ಣೆಯನ್ನು ಕಣ್ಣಿನಿಂದ ಹುಡುಕತಕ್ಕದ್ದಲ್ಲ, ಬೆರಳಿನಿಂದ ಹುಡುಕತಕ್ಕದ್ದು. ಮೂಗಿನಿಂದ ಬಾಲದವರೆಗೆ, ತುಟಿಯೊಳಗೆ, ಕಿವಿಯ ಒಳಗೂ ಹಿಂದೂ, ಬೆರಳ ಸಂದಿಯಲ್ಲಿ, ಕತ್ತುಪಟ್ಟಿ ಬಿಚ್ಚಿ ಅದರ ಕೆಳಗೆ. ಚುಕ್ಕೆ ಬೆರಳಿಗೆ ಸಿಗುವುದಿಲ್ಲ. ಉಣ್ಣೆ ಬಟಾಣಿಯಂತೆ ಸಿಗುತ್ತದೆ. ಉಣ್ಣೆ ತಡೆಯುವ ತಿಂಗಳ ಮಾತ್ರೆ ಕೊಟ್ಟಿದೆ ಎಂಬ ನೆಪ ನಡೆಯುವುದಿಲ್ಲ. ಸಿಕ್ಕಲ್ಲಿ ಕೂಡಲೇ ಇಲಾಖೆಯನ್ನು ಕೂಗುವುದು. ಇಲಾಖೆ ಸ್ನಾನದಲ್ಲಿದ್ದರೂ ಕೂಗುವುದು.

6. ಭಾನುವಾರ ಸಂಜೆ ಹಿತ್ತಲ ಮೆಟ್ಟಿಲಿನ ಮೇಲೆ ಮೇಲ್ಕಂಡ ತಪಾಸಣೆ ನಡೆಯುತ್ತಿದ್ದಾಗ, ಮರಿಯು ಸಹಕರಿಸದೆ ಇಲಾಖಾ ಮುಖ್ಯಸ್ಥೆಯ ಕುತ್ತಿಗೆಗೆ ಮತ್ತೆ ಮತ್ತೆ ಮೂಗು ತೂರಿಸುತ್ತಿದ್ದು, ಮೂರು ಸಲ ಗದರಿಸಿದರೂ ಬಿಡಲಿಲ್ಲ. ಆಗ ಪಕ್ಕದಲ್ಲಿ ಪೆನ್ನು ಹಿಡಿದು ಕೂತಿದ್ದ ಫ್ಲಿನ್, "ಅಮ್ಮಾ, ನಿನ್ನ ಕಿವಿ ಹಿಂದೆ ಒಂದು ಹೊಸ ಚುಕ್ಕೆ ಬಂದಿದೆ. ಸುತ್ತ ವೃತ್ತ ಎಳೀಲಾ?" ಎಂದು ವಿಚಾರಿಸಿದ.

ಬೆಳಿಗ್ಗೆ ಬಾಳೆಗಿಡಗಳ ನಡುವೆ ಬಟ್ಟೆ ಒಣಹಾಕಿದಾಗ ಹತ್ತಿರಬಹುದಾದ ಸದರಿ ಉಣ್ಣೆಯನ್ನು, ವಶಪಡಿಸಿಕೊಂಡಿದ್ದ ಚಿಮಟವನ್ನು ಶ್ರೀ ಲೈಲ್ ಅವರಿಗೇ ತಾತ್ಕಾಲಿಕವಾಗಿ ಮರಳಿಸಿ, ಅವರಿಂದಲೇ ತೆಗೆಸಲಾಯಿತು. ಈ ಬಾರಿ ಅವರು ಸರಿಯಾದದ್ದನ್ನೇ ಕಿತ್ತರು. ಮರಿಯ ಮೈಮೇಲೆ ಏನೂ ಸಿಗಲಿಲ್ಲ.

7. ಮೈಮೇಲೆ ಹೊಸ ಗುರುತು ಇರುವವರು ಬಟ್ಟೆ ಒಗೆಯುವ ಕೋಣೆಯಲ್ಲಿ ಮಲಗಬೇಕೆಂಬ ನಿಯಮ ಎಲ್ಲರಿಗೂ ಒಂದೇ ಅಲ್ಲವೇ ಎಂದು ಟ್ಯಾಮ್ಸಿನ್ ಕೇಳಿದ ಪ್ರಶ್ನೆಯನ್ನು ಇಲಾಖೆಯು ಕೂಲಂಕಷವಾಗಿ ಪರಿಶೀಲಿಸಿದೆ. ಮುಖ್ಯಸ್ಥೆಯು ಅಲ್ಲಿ ಒಂದು ಕ್ಷಣ ಮಲಗಿ ನೋಡಿದ್ದು, ನೆಲ ತಣ್ಣಗಿದೆ, ನಲ್ಲಿ ತೊಟ್ಟಿಕ್ಕುತ್ತದೆ, ಬಾಗಿಲು ಮುಚ್ಚಿದರೆ ಮನೆಯವರ ಸದ್ದು ಕೇಳುವುದಿಲ್ಲ ಎಂದು ಕಂಡುಬಂದಿರುತ್ತದೆ.

8. ಆದ್ದರಿಂದ ಸುತ್ತೋಲೆ ಸಂಖ್ಯೆ 2ನ್ನು ತಕ್ಷಣದಿಂದ ಹಿಂಪಡೆಯಲಾಗಿದೆ. ಪೆನ್ನನ್ನು ಇಲಾಖೆಯ ವಶಕ್ಕೆ ಪಡೆಯಲಾಗಿದೆ. ಪ್ರತಿ ಸಂಜೆ ಊಟಕ್ಕೆ ಮುನ್ನ ಮರಿಯೂ ಸೇರಿದಂತೆ ಮನೆಯವರೆಲ್ಲರೂ ಮೆಟ್ಟಿಲಿನ ಮೇಲೆ ಸಾಲಾಗಿ ಕೂತು, ಮುಂದಿನವರ ಕಿವಿಯ ಹಿಂದೆ ಬೆರಳಾಡಿಸತಕ್ಕದ್ದು. ಸಾಲಿನ ಕೊನೆಯವರನ್ನು ಪೈಕ್‌ಲೆಟ್ ಮೂಸಿ ಪ್ರಮಾಣೀಕರಿಸುತ್ತಾನೆ.

ಸಹಿ/-
ರೋವೆನಾ
ಇಲಾಖಾ ಮುಖ್ಯಸ್ಥೆ (ಉಳಿದೆಲ್ಲ ಹುದ್ದೆಗಳ ಹೆಚ್ಚುವರಿ ಪ್ರಭಾರದಲ್ಲಿ)

ಪ್ರತಿಗಳು:
1. ಶ್ರೀ ಲೈಲ್, ಚಿಮಟ ವಾಪಸಾತಿಗಾಗಿ.
2. ಶ್ರೀಮತಿ ವಿಲ್ಮಾ, ಸಾಸೇಜ್ ಸಂಬಂಧ ಲಿಖಿತ ಸಮಜಾಯಿಷಿಗಾಗಿ.
3. ಫ್ಲಿನ್, ಮೆಚ್ಚುಗೆ ಪತ್ರದೊಂದಿಗೆ. ಗೋಡೆಯ ಮೇಲಿನ ವೃತ್ತಗಳ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.
4. ಪೈಕ್‌ಲೆಟ್, ಟ್ಯಾಮ್ಸಿನ್ ಮಂಚದ ಕಾಲಬುಡ (ಇಂದಿನಿಂದ ಖಾಯಂ ವಿಳಾಸ).
5. ಡಸ್ಟರ್, ಹಿತ್ತಲ ನಿಂಬೆಗಿಡದ ಬುಡ. ಪೈಕ್‌ಲೆಟ್‌ನ ಕಿವಿಯ ಹಿಂದೆ ದಿನಾ ನೋಡಲಾಗುತ್ತಿದೆ ಎಂಬ ಮಾಹಿತಿಗಾಗಿ.