ಸಮಿತಿಯ ಸಮಕ್ಷಮದಲ್ಲಿ

ಆಪರೇಷನ್ ಆದ ರೋಗಿಯ ಮೂತ್ರಕೋಶ ಕೆಲಸಕ್ಕೆ ಮರಳಿದೆಯೇ ಎಂಬುದನ್ನು ರೋಗಿಯಾಗಲಿ, ಮೂತ್ರಕೋಶವಾಗಲಿ ತೀರ್ಮಾನಿಸುವಂತಿಲ್ಲ. ಅದು ಆಸ್ಪತ್ರೆಯ ಮೂತ್ರವಿಸರ್ಜನಾ ಪರಿವೀಕ್ಷಣಾ ಸಮಿತಿಯ ಅಧಿಕಾರ.

ಹರ್ನಿಯಾ ಕೊಯ್ಯಿಸಿಕೊಂಡ ಲಾರಿ ಡ್ರೈವರನಿಗೆ ಬೆಳಿಗ್ಗೆ ಮೂತ್ರದ ನಳಿಕೆ ತೆಗೆದಿದ್ದರು. ಸಂಜೆಯೊಳಗೆ ಸಮಿತಿಯೆದುರು ಅಳತೆಯ ಜಾಡಿಗೆ ಹೊಯ್ದರೆ ಮನೆ. ಇಲ್ಲವಾದರೆ ನಳಿಕೆ ಮತ್ತೆ ಒಳಕ್ಕೆ. ನಳಿಕೆ ಎಂದರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಕಕ್ಕಸಿಗೆ ಹೋಗಿ ಧಾರಾಳವಾಗಿ ಮುಗಿಸಿ ಬಂದು ನರ್ಸಮ್ಮನಿಗೆ ಶುಭವಾರ್ತೆ ಮುಟ್ಟಿಸಿದ.

"ಯಾರು ನೋಡಿದ್ರು?" ಅಂದಳು ಆಕೆ.

"ನಾನೇ ನೋಡಿದ್ನಲ್ಲ."

"ಫಲಾನುಭವಿಗಳ ಸಾಕ್ಷಿ ನಡೆಯಲ್ಲಪ್ಪ."

ಸಂಜೆ ಸಮಿತಿ ಬಂತು. ಅಧ್ಯಕ್ಷರು, ಜಾಡಿಪಾಲಕರು, ಗಡಿಯಾರದವರು ಮಂಚದ ಸುತ್ತ ಕುರ್ಚಿ ಹಾಕಿಸಿಕೊಂಡು ಕೂತರು. ಊರೂರಿನ ರಸ್ತೆಬದಿಗೆ ನಿಂತು ಆಕಾಶಕ್ಕೂ ಅಂಜದವನಿಗೆ ಮೂರು ಕುರ್ಚಿಗಳೆದುರು ಒಂದು ಹನಿ ಇಳಿಯಲಿಲ್ಲ. ಅಧ್ಯಕ್ಷರು ಕರುಣೆಯಿಂದ ಸೂರು ನೋಡಿದರು. ನೋಡದೆ ಇದ್ದರೆ ನಿಯಮಭಂಗವಾದೀತೆಂದು ಮತ್ತೆ ಕೆಳಗೆ ನೋಡಿದರು. ನರ್ಸಮ್ಮ ನಳಿಕೆ ತರಲು ಎದ್ದಳು.

ಬೆಳಿಗ್ಗೆಯಿಂದ ಭಾವನಿಗೆ ಧೈರ್ಯ ಬರಲೆಂದು ಜೊತೆಯಲ್ಲೇ ಚೊಂಬುಗಟ್ಟಲೆ ನೀರು ಕುಡಿದಿದ್ದ ಭಾವಮೈದುನ ಇನ್ನು ತಡೆಯಲಾರದೆ ಜಾಡಿ ಕಿತ್ತುಕೊಂಡ. ನೊರೆಯುಕ್ಕಿಸಿ ತುಂಬಿದ. ಸಮಿತಿ ಗೌರವದಿಂದ ಎದ್ದು ನಿಂತಿತು. ಜಾಡಿ ತುಂಬಬೇಕೆಂದಿದೆಯೇ ಹೊರತು ಯಾರದೆಂದು ನಿಯಮದಲ್ಲಿಲ್ಲ. ತುಂಬಿದವನೇ ಗುಣಮುಖ ರೋಗಿ ಎಂದು ಸರ್ವಾನುಮತದಿಂದ ಠರಾವಾಯಿತು. ಡಿಸ್ಚಾರ್ಜು, ಮಾತ್ರೆ, ವಾರದ ವಿಶ್ರಾಂತಿ ಎಲ್ಲವೂ ಭಾವಮೈದುನನಿಗೆ ಮಂಜೂರಾದವು.

"ಹಾಗಾದ್ರೆ ನನ್ನ ನಳಿಕೆ?" ಎಂದು ಡ್ರೈವರ್ ಹೆದರುತ್ತಲೇ ಕೇಳಿದ.

"ರೋಗಿ ಜೊತೆ ಬಂದವ್ರಿಗೆ ನಳಿಕೆ ಹಾಕಲ್ಲ. ಮಂಚ ಬಿಡಿ," ಎಂದರು ಅಧ್ಯಕ್ಷರು.

ಅವನು ಸಮಿತಿಗೆ ಕೈಮುಗಿದು ಮಂಚ ಬಿಟ್ಟ.

ವಾರವಿಡೀ ಅವನ ಹೆಂಡತಿ ತಮ್ಮನಿಗೆ ಗಂಜಿ ಕುಡಿಸಿದಳು, ಕಾಲೊತ್ತಿದಳು. ಭಾರ ಎತ್ತಬಾರದೆಂದು ತಮ್ಮನಿಗೆ ಅಪ್ಪಣೆಯಾಗಿದ್ದರಿಂದ ನೀರಿನ ಕೊಡ ಗಂಡನ ಪಾಲಿಗೆ ಬಂತು. ಹೊಲಿಗೆ ಬಿಚ್ಚುವ ದಿನ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರು ಭಾವಮೈದುನನ ಅಂಗಿ ಎತ್ತಿಸಿ, ಕಿಬ್ಬೊಟ್ಟೆಯ ಮೇಲೆ ಬೆರಳಾಡಿಸಿ, ಕಲೆ ಕೂಡ ಇಲ್ಲವೆಂದು ಬೆರಗಾದರು. ತಮ್ಮ ಕೈಗುಣವನ್ನು ನೋಡಲು ಸಹೋದ್ಯೋಗಿಗಳನ್ನೂ ಕರೆಸಿದರು.

"ನನ್ದೂ ಒಂದ್ಸಲ ನೋಡಿ ಸಾರ್," ಎಂದ ಡ್ರೈವರ್, ಹೊಟ್ಟೆ ಹಿಡಿದುಕೊಂಡು.

"ನಿಮಗೇನಾಗಿದೆ?"

ಅವನು ಸಮಿತಿಯ ಠರಾವನ್ನು ನೆನೆದ.

"ಏನಿಲ್ಲ ಸಾರ್," ಎಂದು ಭಾವಮೈದುನನ ತೋಳು ಹಿಡಿದು, ಮೆಟ್ಟಿಲುಗಳನ್ನು ಹುಷಾರಾಗಿ ಇಳಿಸಿಕೊಂಡು ಹೋದ.