ಘಟಸರ್ಪ ಸತ್ತಿತೇ?

ಸಾಯುವವರ ಕೊನೆಯ ಆಸೆ ಸಾಮಾನ್ಯವಾಗಿ ಮರ್ಯಾದಸ್ಥವಾಗಿರುತ್ತದೆ. ಒಂದು ಕೀರ್ತನೆ ಕೇಳಬೇಕು, ತಂಗಿಯ ಜೊತೆಗಿನ ಹಳೇ ಜಗಳ ಮುಗಿಸಬೇಕು, ಹೀಗೆ. ಪೆಟ್ಟಿಗೆ ಮೇಷ್ಟ್ರ ಅತ್ತೆಗೆ ಇದ್ದದ್ದು ಒಂದೇ ಆಸೆ: ಡ್ರ್ಯಾಗನ್ ಸಿನಿಮಾದ ಮೂರನೇ ಭಾಗ ನೋಡಬೇಕು.

ಮೇಷ್ಟ್ರು ವಾರಕ್ಕೆ ಆರು ದಿನ ಶವಪೆಟ್ಟಿಗೆ ಮಾಡುತ್ತಿದ್ದರು, ಏಳನೆಯ ದಿನ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಅದಕ್ಕೇ ಆ ಹೆಸರು. (ಪಾಠ ಕೇಳಿದವರು ಮುಂದೆ ಗಿರಾಕಿಗಳೂ ಆಗುತ್ತಾರೆ ಎಂದು ಕಿಡಿಗೇಡಿಗಳು ಆಡಿಕೊಳ್ಳುವುದಿತ್ತು.) ಯಾರನ್ನು ಕಂಡರೂ ಮೊದಲು ಉದ್ದ, ಆಮೇಲೆ ಅಗಲ ನೋಡುವುದು ಅವರ ಕಣ್ಣಿಗೆ ಅಂಟಿದ ಚಾಳಿ. ಅತ್ತೆಯ ಶ್ವಾಸಕೋಶ ಕೈಕೊಟ್ಟು, ಡಾಕ್ಟರು "ಇನ್ನು ಮನೇಲೇ ನೋಡ್ಕೊಳ್ಳಿ" ಎಂದು ಕಳಿಸಿದ ದಿನ, ಅಳಿಯನ ಕಣ್ಣು ತಮ್ಮ ತಲೆಯಿಂದ ಕಾಲಿನವರೆಗೆ ಹರಿದದ್ದನ್ನು ಅತ್ತೆ ಹಿಡಿದೇಬಿಟ್ಟರು.

"ಐದಡಿ ಒಂದಿಂಚು ಕಣಪ್ಪ. ಹಲಗೇಲಿ ಜಿಪುಣತನ ಮಾಡ್ಬೇಡ."

ಅತ್ತೆಯ ಮಂಚ ಮುಂದಿನ ಕೋಣೆಯಲ್ಲಿ, ಟಿ.ವಿ. ಎದುರಿಗೇ ಇತ್ತು. ಹೊತ್ತು ಹೋಗದೆ ಅವರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲೆರಡು ಭಾಗ ನೋಡಿ ಮುಗಿಸಿದ್ದರು. ಗಿರಣಿಯವನ ಮಗಳೊಬ್ಬಳು ಕದ್ದುಮುಚ್ಚಿ ಸಾಕಿದ ಡ್ರ್ಯಾಗನ್. ಎರಡನೇ ಭಾಗದ ಕೊನೆಗೆ ಊರಿಗೆ ಊರೇ ಈಟಿ ಹಿಡಿದು ಅದನ್ನು ಸುತ್ತುವರಿಯುತ್ತದೆ. ಅಷ್ಟಕ್ಕೇ ನಿಂತಿತ್ತು ಕಥೆ. ಗುರುವಾರ ಮೇಷ್ಟ್ರು ಒಳಗೆ ಬಂದದ್ದು ಸರಿಯಾಗಿ ಆ ಹೊತ್ತಿಗೆ.

ಗ್ರಹಚಾರ ನೋಡಿ, ಬರುವ ಭಾನುವಾರ ಆರಾಧನೆಯ ನಂತರ ಮೇಷ್ಟ್ರ ಮಹೋಪನ್ಯಾಸವಿತ್ತು: "ಸಿನಿಮಾದ ಡ್ರ್ಯಾಗನ್: ಕ್ರೈಸ್ತರ ಮನೆಯೊಳಗೆ ಸೈತಾನನ ಪ್ರವೇಶ". ಮೂರು ವಾರ ಕೂತು ಬರೆದಿದ್ದರು. ಸೈತಾನ ನೋಡಿದರೆ ಅವರದೇ ಮನೆಯಲ್ಲಿ, ಅತ್ತೆಯ ಕಾಲ ಬುಡದಲ್ಲೇ ಬೆಂಕಿ ಉಗುಳುತ್ತಿದ್ದ.

"ಅತ್ತೆ, ಇದು ಏನು ಗೊತ್ತಾ? ಬೈಬಲ್ಲಿನ ಪ್ರಕಟನೆ ಪುಸ್ತಕ, ಹನ್ನೆರಡನೇ ಅಧ್ಯಾಯದ ಘಟಸರ್ಪ! ಸಾಕ್ಷಾತ್ ಸೈತಾನ!"

"ಅದಕ್ಕೆ ಏಳು ತಲೆ, ಹತ್ತು ಕೊಂಬು. ಇದಕ್ಕೆ ಒಂದೇ ತಲೆ ಕಣಪ್ಪ. ಇದು ಬೇರೆ ಮನೆತನದ್ದು."

"ತಮಾಷೆ ಬೇಡ. ಹಿಂದೆ ಕಥೇಲಿ ಘಟಸರ್ಪ ಬಂದ್ರೆ ಕೊಲ್ತಿದ್ರು, ಈಗ ಮುದ್ದಾಡ್ತಾರೆ. ಕೆಟ್ಟದ್ದನ್ನ ನಾಯಿಮರಿ ಥರ ಮಕ್ಕಳ ಮಡಿಲಿಗೆ ಹಾಕಿದ್ರೆ, ನಾಳೆ ಅವು ಕೆಟ್ಟದ್ದನ್ನ ಗುರುತು ಹಿಡಿಯೋದು ಹೇಗೆ?"

(ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅತ್ತೆಯೂ ಒಂದು ಗಳಿಗೆ ಯೋಚಿಸಿದರು.)

"ಮೋಶೆ ತಾಮ್ರದ ಸರ್ಪ ಮಾಡಿ ಕಂಬಕ್ಕೆ ಏರಿಸ್ಲಿಲ್ವಾ? ಅದನ್ನ ನೋಡಿದವರೆಲ್ಲ ಬದುಕ್ಕೊಂಡ್ರು. ನಾನೂ ಸ್ವಲ್ಪ ನೋಡ್ತೀನಿ ಬಿಡು."

ಮೇಷ್ಟ್ರು ಟಿ.ವಿ.ಯ ವೈರು ಕಿತ್ತು, ಉಳಿ ಸುತ್ತಿಗೆಗಳ ಜೊತೆ ಸಲಕರಣೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು.

"ರೀ, ಅಮ್ಮನಿಗೆ ಉಳಿದಿರೋದೇ ನಾಲ್ಕು ದಿನ," ಎಂದಳು ಹೆಂಡತಿ. "ಅದು ಸತ್ತಿತೋ ಬದುಕಿತೋ ತಿಳ್ಕೊಂಡಾದ್ರೂ ಹೋಗ್ಲಿ."

"ಆತ್ಮದ ವಿಷಯದಲ್ಲಿ ರಾಜಿ ಇಲ್ಲ."

ಅಲ್ಲಿಂದ ಹೆಂಡತಿ ಗಂಡನೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ಪಾತ್ರೆಗಳ ಮೂಲಕ ಹೇಳತೊಡಗಿದಳು.

ಶನಿವಾರ ಮಧ್ಯಾಹ್ನ ಚರ್ಚಿನ ಸಭಾಪಾಲಕರು ಅತ್ತೆಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಬಂದರು. ಮೇಷ್ಟ್ರು ಕೈಮುಗಿದು ಪ್ರಾರ್ಥಿಸಿ, ಅರ್ಧಕ್ಕೆ ನಿಂತ ಕೆಲಸವಿದೆಯೆಂದು ಬೀದಿಯಾಚೆಯ ತಮ್ಮ ಪೆಟ್ಟಿಗೆ ಕಾರ್ಖಾನೆಗೆ ಹೋದರು. ಅಲ್ಲಿ ಅವರಿಗೊಂದು ದಿವ್ಯ ಆಲೋಚನೆ ಹೊಳೆಯಿತು: ಶತ್ರುವಿನ ಪಾಳೆಯವನ್ನು ಕಣ್ಣಾರೆ ಕಾಣದೆ ನಾಳೆ ಖಂಡಿಸುವುದಾದರೂ ಹೇಗೆ? ಬಾಗಿಲು ಹಾಕಿ, ಫೋನಿನಲ್ಲಿ ಮೂರನೇ ಭಾಗ ಹಚ್ಚಿ, ಅದನ್ನು ಯಾರದೋ ಶವಪೆಟ್ಟಿಗೆಯ ಮುಚ್ಚಳಕ್ಕೆ ಒರಗಿಸಿ, ಪೆನ್ಸಿಲು ಹಿಡಿದು ಕೂತರು. "ತಲೆ ಒಂದು, ಕೊಂಬು ಎರಡು" ಎಂದು ಬರೆದರು. ಆಮೇಲೆ ಬರೆಯಲಾಗಲಿಲ್ಲ.

ಬೆಟ್ಟ ಕುಸಿಯಿತು. ಮೈತುಂಬ ಈಟಿ ಚುಚ್ಚಿಸಿಕೊಂಡಿದ್ದ ಡ್ರ್ಯಾಗನ್, ಈಟಿ ಎಸೆದ ಊರಿಗೇ ಅಡ್ಡ ಮಲಗಿ, ಉರುಳಿ ಬರುವ ಬಂಡೆಗೆ ಬೆನ್ನು ಕೊಟ್ಟಿತು. ಹುಡುಗಿಯ ಕೈ ಅದರ ಹಣೆಯ ಮೇಲಿತ್ತು. ಪರದೆ ಕಪ್ಪಾಗಿ, ಕೆಲಸ ಮಾಡಿದವರ ಹೆಸರುಗಳು ಏರತೊಡಗಿದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಫೋನು ಆರಿಸಿ, ಪೆಟ್ಟಿಗೆಯ ಒಳಗೆ ಹೊದಿಸಲು ತಂದಿದ್ದ ಬಿಳಿ ಬಟ್ಟೆಯಲ್ಲೇ ಮೂಗು ಒರೆಸಿಕೊಂಡರು.

"ಯಾಕಪ್ಪ, ಕಣ್ಣು ಕೆಂಪಗಿದೆ?" ಸಂಜೆ ಅತ್ತೆ ಕೇಳಿದರು. ಒಂದೊಂದು ಮಾತಿಗೂ ಉಸಿರು ಎಳೆಯಬೇಕಿತ್ತು.

"ಮರದ ಪುಡಿ ಅತ್ತೆ."

"ಆ ಘಟಸರ್ಪ ಏನಾಯ್ತೋ... ನಿನಗೇನಾದ್ರೂ ಗೊತ್ತಾ? ಸತ್ತಿತಾ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಳೆ ಉಪನ್ಯಾಸ. ಹೇಳಿದರೆ ಹೆಂಡತಿಗೆ ಗೊತ್ತಾಗುತ್ತದೆ, ಹೆಂಡತಿಯಿಂದ ಸಭೆಗೆಲ್ಲ.

"ಅಂಥದ್ದನ್ನ ನಾನ್ಯಾಕೆ ನೋಡ್ಲಿ ಅತ್ತೆ?"

"ಸರಿ ಬಿಡು," ಎಂದು ಅತ್ತೆ ಗೋಡೆ ಕಡೆ ತಿರುಗಿದರು. ನಾಳೆ ಊಟದ ಹೊತ್ತಿಗೆ ಎಲ್ಲ ಹೇಳಿಬಿಡುತ್ತೇನೆ, ಒಂದು ದಿನದ ಮಾತು ತಾನೇ, ಎಂದುಕೊಂಡರು ಮೇಷ್ಟ್ರು.

ಭಾನುವಾರ ಅವರು ಗುಡುಗಿದರು. ಘಟಸರ್ಪದ ಏಳು ತಲೆಗಳನ್ನೂ ಒಂದೊಂದಾಗಿ ತರಿದರು. ಒಂದೊಂದು ತಲೆಗೂ ಜನ ಆಮೆನ್ ಎಂದರು. ಮುಂದಿನ ಸಾಲಿನಲ್ಲಿ ಸಭಾಪಾಲಕರು ಮಾತ್ರ ನೆಲ ನೋಡುತ್ತ ಬಲಗೈ ಮಣಿಕಟ್ಟು ನೀವಿಕೊಳ್ಳುತ್ತಿದ್ದರು.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಐದನೇ ತಲೆ ಉರುಳುತ್ತಿದ್ದ ಹೊತ್ತಿಗೆ ಅತ್ತೆಯ ಉಸಿರು ನಿಂತಿತ್ತು.

ಪೆಟ್ಟಿಗೆಯನ್ನು ಅವರೇ ಮಾಡಿದರು. ಹಲಗೆಯಲ್ಲಿ ಜಿಪುಣತನ ಮಾಡಲಿಲ್ಲ. ಸಂಜೆ ಅತ್ತೆಯನ್ನು ಅದರಲ್ಲಿ ಮಲಗಿಸಿ, ಹೆಂಡತಿ ಕುರ್ಚಿ ತರಲು ಒಳಗೆ ಹೋದಾಗ, ಮೇಷ್ಟ್ರು ಪಕ್ಕದಲ್ಲಿ ಮೊಣಕಾಲೂರಿದರು.

"ಸತ್ತೋಯ್ತು ಅತ್ತೆ, ಆ ಘಟಸರ್ಪ. ನಾನು ನೋಡ್ದೆ. ಈಟಿ ಎಸೆದ ಊರನ್ನೇ ಕಾಯ್ತಾ ಬಂಡೆ ಕೆಳಗೆ ಸತ್ತೋಯ್ತು. ನಿನ್ನೇನೇ ಹೇಳ್ಬೇಕಿತ್ತು. ನಾಲ್ಕು ಜನರ ಆಮೆನ್‌ಗೋಸ್ಕರ ಹೇಳ್ಲಿಲ್ಲ. ತಪ್ಪಾಯ್ತು ಅತ್ತೆ, ತಪ್ಪಾಯ್ತು."

ಕಣ್ಣೊರೆಸಿಕೊಂಡು ತಿರುಗಿದರೆ, ಬಾಗಿಲಲ್ಲಿ ಆ ನಾಲ್ಕು ಜನ ಮಾತ್ರವಲ್ಲ, ಇಡೀ ಸಭೆಯೇ ಹೂ ಹಿಡಿದು ನಿಂತಿತ್ತು. ಎರಡು ಕುರ್ಚಿ ಹಿಡಿದು ಬಂದ ಹೆಂಡತಿ ಗುರುವಾರದಿಂದೀಚೆಗೆ ಮೊದಲ ಬಾರಿ ಗಂಡನೆದುರು ಬಾಯಿ ಬಿಟ್ಟಳು.

"ರೀ, ಅದು ಸಾಯಲ್ಲ."

"ಕಣ್ಣಾರೆ ನೋಡಿದೀನಿ ಕಣೇ!"

"ಹೆಸರುಗಳು ಬಂದ ತಕ್ಷಣ ನಿಲ್ಲಿಸಿಬಿಟ್ರಾ? ಅವೆಲ್ಲ ಆದ್ಮೇಲೆ ಬೆಳಗಾಗುತ್ತೆ. ಆ ಹುಡುಗಿ ಹೂ ಹಿಡ್ಕೊಂಡು ಹೋಗ್ತಾಳೆ. ಬಂಡೆ ಪಕ್ಕಕ್ಕೆ ಉರುಳಿರುತ್ತೆ. ಕೆಳಗೆ ಏನೂ ಇರಲ್ಲ. ಅಮ್ಮ ಪೂರ್ತಿ ನೋಡಿದ್ರು, ನಿನ್ನೆ, ಪ್ರಭುಭೋಜನ ಆದ್ಮೇಲೆ. ಅಯ್ಯನವರ ಫೋನಲ್ಲಿ."

"ಎರಡೂವರೆ ಗಂಟೆ ಎತ್ತಿ ಹಿಡ್ಕೊಂಡಿದ್ದೆ ಮೇಷ್ಟ್ರೇ," ಎಂದು ಸಭಾಪಾಲಕರು ಮಣಿಕಟ್ಟು ನೀವಿಕೊಂಡರು.

"ಮತ್ತೆ ಸಂಜೆ ನನ್ನನ್ಯಾಕೆ ಕೇಳಿದ್ರು?"

"ಹೇಳ್ತೀರೋ ಇಲ್ವೋ ನೋಡೋಕೆ," ಎಂದಳು ಹೆಂಡತಿ. "ನೀವು ಆ ಕಡೆ ಹೋದ್ಮೇಲೆ ಅಂದ್ರು, 'ಅಳಿಯ ನೋಡಿದಾನೆ ಕಣೆ, ಆದ್ರೆ ಕೊನೇವರೆಗೂ ನೋಡಿಲ್ಲ. ನೋಡಿದ್ರೆ ಈ ಮುಖ ಇರ್ತಿರ್ಲಿಲ್ಲ' ಅಂತ."

ಉರುಳಿದ ಕಲ್ಲು, ಬರಿದಾದ ಸಮಾಧಿ: ಪ್ರಭು ಸತ್ತು ಮೂರನೇ ದಿನ ಎದ್ದುಬಂದ ಈ ಪಾಠವನ್ನು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ ಮೇಷ್ಟ್ರು ಎದ್ದು ಮುಚ್ಚಳ ಎತ್ತಿಕೊಂಡರು. ಯಾವ ಪೆಟ್ಟಿಗೆಗಾದರೂ ಎಂಟು ತಿರುಪು ಬಿಗಿಯುವುದು ಅವರ ಪದ್ಧತಿ. ಅತ್ತೆಯ ಪೆಟ್ಟಿಗೆಗೆ ನಾಲ್ಕೇ ಹಾಕಿದರು, ಅದೂ ಸಡಿಲವಾಗಿ.